ಔಷಧ ಮಾರುಕಟ್ಟೆಯಲ್ಲಿ ಸ್ಪರ್ಧೆ: ಕಾನೂನು ಮತ್ತು ರೋಗಿಯ ಹಿತ

(ಉಪನ್ಯಾಸದ ಪಠ್ಯ)

ಬಟ್ಟೆ ಅಂಗಡಿಗೆ ಹೋದ ಗ್ರಾಹಕನಿಗೆ ಬೆಲೆ ಒಪ್ಪಿಗೆಯಾಗದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು; ಮುಂದಿನ ಹಬ್ಬದವರೆಗೆ ಕಾಯಬಹುದು; ಕೊಳ್ಳದೆಯೂ ಇರಬಹುದು. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಔಷಧಿ ಅಂಗಡಿಯ ಮುಂದೆ ನಿಂತವನಿಗೆ ಈ ಮೂರರಲ್ಲಿ ಒಂದೂ ಸುಲಭವಲ್ಲ. ಚೀಟಿಯಲ್ಲಿ ಬರೆದಿರುವ ಹೆಸರನ್ನು ಬದಲಿಸುವ ಧೈರ್ಯ ಅವನಿಗಿರುವುದಿಲ್ಲ. ಮನೆಯಲ್ಲಿ ಮಲಗಿರುವ ರೋಗಿ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಕೊಳ್ಳದೆ ಹಿಂದಿರುಗುವುದೆಂದರೆ ಪ್ರಾಣದೊಡನೆ ಪಂದ್ಯ ಕಟ್ಟಿದಂತೆ.

ಔಷಧ ಮಾರುಕಟ್ಟೆಯಲ್ಲಿ ಆರಿಸುವವರು ಒಬ್ಬರು, ಹಣ ತೆರುವವರು ಇನ್ನೊಬ್ಬರು, ಸೇವಿಸುವವರು ಅನೇಕ ವೇಳೆ ಮತ್ತೊಬ್ಬರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ನಮ್ಮಲ್ಲಿದೆ. ಆದರೆ ಔಷಧದ ವಿಷಯದಲ್ಲಿ ರೋಗಿ ಬಯಸುವುದು ಕಡಿಮೆ ಬೆಲೆಯ ಗುಣವುಳ್ಳ ಮದ್ದನ್ನು. ಚೀಟಿಯಲ್ಲಿ ಬರುವುದು ಒಂದು ನಿರ್ದಿಷ್ಟ ಕಂಪನಿಯ ಹೆಸರು. ಈ ಎರಡರ ನಡುವಣ ಅಂತರದಲ್ಲಿಯೇ ಮಾರುಕಟ್ಟೆಯ ಬಲ ನೆಲೆಸಿರುತ್ತದೆ. ಆ ಬಲದ ಸದುಪಯೋಗವಾದರೆ ಹೊಸ ಔಷಧಗಳು ಹುಟ್ಟುತ್ತವೆ. ದುರುಪಯೋಗವಾದರೆ ಇರುವ ಔಷಧವೂ ರೋಗಿಯ ಕೈಗೆ ಎಟುಕದೆ ಹೋಗುತ್ತದೆ. ಈ ದುರುಪಯೋಗವನ್ನು ತಡೆಯಲು ದೇಶದಲ್ಲಿ ಇರುವ ಕಾನೂನು ಯಾವುದು, ಅದು ಇದುವರೆಗೆ ಏನು ಮಾಡಿದೆ, ಅದರ ಮಿತಿ ಎಲ್ಲಿದೆ, ಸಾಮಾನ್ಯ ನಾಗರಿಕನಿಗೆ ಅದರಿಂದ ಒದಗುವ ನೆರವು ಎಂಥದು ಎಂಬುದೇ ಈ ಉಪನ್ಯಾಸದ ವಿಷಯ.

ಏಕಸ್ವಾಮ್ಯ ಕಾನೂನಿನಿಂದ ಸ್ಪರ್ಧಾ ಕಾನೂನಿಗೆ

ಸಂಪತ್ತು ಮತ್ತು ಉತ್ಪಾದನಾ ಸಾಧನಗಳು ಸಮಾಜಕ್ಕೆ ಹಾನಿಯಾಗುವ ರೀತಿಯಲ್ಲಿ ಕೆಲವರ ಕೈಯಲ್ಲಿ ಕೇಂದ್ರೀಕೃತವಾಗಬಾರದೆಂದು ಸಂವಿಧಾನದ 39ನೆಯ ಅನುಚ್ಛೇದ ರಾಜ್ಯಕ್ಕೆ ನಿರ್ದೇಶನ ನೀಡಿದೆ. ಈ ಆಶಯದ ಬೆಳಕಿನಲ್ಲಿ 1964ರಲ್ಲಿ ಏಕಸ್ವಾಮ್ಯ ವಿಚಾರಣಾ ಆಯೋಗವು ನೇಮಕಗೊಂಡಿತು. ಅದರ ವರದಿಯ ಫಲವಾಗಿ 1969ರಲ್ಲಿ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಅಧಿನಿಯಮವು ಅಂಗೀಕೃತವಾಗಿ 1970ರ ಜೂನ್ 1ರಿಂದ ಜಾರಿಗೆ ಬಂದಿತು. ಆ ಕಾನೂನಿನ ದೃಷ್ಟಿ ಮುಖ್ಯವಾಗಿ ಉದ್ಯಮಗಳ ಗಾತ್ರದ ಮೇಲಿತ್ತು. ಬೃಹತ್ತಾದುದು ಸಂಶಯಾಸ್ಪದ ಎಂಬುದು ಅದರ ಮೂಲಭಾವನೆ.

1991ರ ಆರ್ಥಿಕ ಸುಧಾರಣೆಗಳ ನಂತರ ಪರಿಸ್ಥಿತಿ ಬದಲಾಯಿತು. ಗಾತ್ರವನ್ನು ಅಂಕೆಯಲ್ಲಿಡುವುದಕ್ಕಿಂತ ನಡವಳಿಕೆಯನ್ನು ಅಂಕೆಯಲ್ಲಿಡುವುದು ಲೇಸೆಂಬ ವಿಚಾರ ಬೇರೂರಿತು. 1999ರಲ್ಲಿ ಎಸ್.ವಿ.ಎಸ್. ರಾಘವನ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯು ಹೊಸ ಕಾನೂನಿಗೆ ಶಿಫಾರಸು ಮಾಡಿತು. ಅದರಂತೆ ರೂಪುಗೊಂಡುದೇ ಸ್ಪರ್ಧಾ ಅಧಿನಿಯಮ, 2002. ನ್ಯಾಯಾಲಯಗಳಲ್ಲಿ ಪ್ರಶ್ನೆಗಳು ಎದ್ದುದರಿಂದ ಇದರ ಮುಖ್ಯ ಉಪಬಂಧಗಳು ಜಾರಿಗೆ ಬರುವುದು ತಡವಾಯಿತು. ಸ್ಪರ್ಧಾವಿರೋಧಿ ಒಪ್ಪಂದಗಳನ್ನೂ ಪ್ರಾಬಲ್ಯದ ದುರುಪಯೋಗವನ್ನೂ ಕುರಿತ ಪ್ರಕರಣಗಳು 2009ರ ಮೇ 20ರಿಂದ ಜಾರಿಗೆ ಬಂದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಳೆಯ ಏಕಸ್ವಾಮ್ಯ ಕಾನೂನು ರದ್ದಾಯಿತು. ಕಂಪನಿಗಳ ವಿಲೀನವನ್ನು ಕುರಿತ ಪ್ರಕರಣಗಳು 2011ರ ಜೂನ್ 1ರಿಂದ ಜಾರಿಯಾದವು.

ಕಾನೂನು ನಿಷೇಧಿಸಿರುವುದು ಏನನ್ನು?

ಅಧಿನಿಯಮದ 3ನೆಯ ಪ್ರಕರಣವು ಸ್ಪರ್ಧೆಗೆ ಹಾನಿ ತರುವ ಒಪ್ಪಂದಗಳನ್ನು ನಿಷೇಧಿಸುತ್ತದೆ. ಒಂದೇ ವ್ಯಾಪಾರದಲ್ಲಿರುವವರು ಒಟ್ಟುಗೂಡಿ ಬೆಲೆ ಗೊತ್ತು ಮಾಡುವುದು, ಪೂರೈಕೆಯನ್ನು ಕುಗ್ಗಿಸುವುದು, ಪ್ರದೇಶಗಳನ್ನು ಹಂಚಿಕೊಳ್ಳುವುದು, ಟೆಂಡರುಗಳಲ್ಲಿ ಒಳಸಂಚು ನಡೆಸುವುದು ಇವು ನಾಲ್ಕೂ ಸ್ಪರ್ಧೆಗೆ ಹಾನಿಕರವೆಂದೇ ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಆಪಾದಿತರದು.

4ನೆಯ ಪ್ರಕರಣವು ಪ್ರಾಬಲ್ಯದ ದುರುಪಯೋಗವನ್ನು ಕುರಿತದ್ದು. ಇಲ್ಲಿ ಒಂದು ಸಂಗತಿ ಗಮನಾರ್ಹ. ಪ್ರಬಲವಾಗಿರುವುದು ಅಪರಾಧವಲ್ಲ. ಉತ್ತಮ ಔಷಧವನ್ನು ತಯಾರಿಸಿ, ವೈದ್ಯರ ಮತ್ತು ರೋಗಿಗಳ ವಿಶ್ವಾಸ ಗಳಿಸಿ ಬೆಳೆದ ಕಂಪನಿಗೆ ಕಾನೂನಿನ ಭಯವಿಲ್ಲ. ಆ ಪ್ರಾಬಲ್ಯವನ್ನು ಬಳಸಿಕೊಂಡು ಅನುಚಿತ ಬೆಲೆಯನ್ನೋ ಷರತ್ತುಗಳನ್ನೋ ಹೇರಿದಾಗ, ಗ್ರಾಹಕರಿಗೆ ತೊಂದರೆಯಾಗುವಂತೆ ಉತ್ಪಾದನೆಯನ್ನಾಗಲಿ ತಾಂತ್ರಿಕ ಬೆಳವಣಿಗೆಯನ್ನಾಗಲಿ ತಡೆದಾಗ, ಇತರರಿಗೆ ಮಾರುಕಟ್ಟೆಯ ಬಾಗಿಲು ಮುಚ್ಚಿದಾಗ, ಬೇಡದ ವಸ್ತುವನ್ನು ಬೇಕಾದ ವಸ್ತುವಿಗೆ ಗಂಟು ಹಾಕಿ ಕೊಳ್ಳುವಂತೆ ಮಾಡಿದಾಗ ಮಾತ್ರ ದೋಷ ಉಂಟಾಗುತ್ತದೆ.

ಪ್ರಾಬಲ್ಯವನ್ನು ಅಳೆಯುವುದಕ್ಕೆ ಇಷ್ಟು ಶೇಕಡ ಪಾಲು ಇರಲೇಬೇಕೆಂಬ ನಿಯಮವಿಲ್ಲ. ಮೊದಲು ಸಂಬಂಧಪಟ್ಟ ಮಾರುಕಟ್ಟೆ ಯಾವುದೆಂದು ಗುರುತಿಸಬೇಕಾಗುತ್ತದೆ. ಔಷಧಗಳಲ್ಲಿ ಇದು ಸೂಕ್ಷ್ಮವಾದ ಕೆಲಸ. ದೇಶದ ಒಟ್ಟು ಔಷಧ ವ್ಯಾಪಾರದಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲದ ಕಂಪನಿಯು ಒಂದು ನಿರ್ದಿಷ್ಟ ಕ್ಯಾನ್ಸರ್ ಔಷಧಕ್ಕೆ ಏಕೈಕ ತಯಾರಕನಾಗಿರಬಹುದು. ಆ ಕಾಯಿಲೆಯವನ ಪಾಲಿಗೆ ಅದೊಂದೇ ಮಾರುಕಟ್ಟೆ. ತಲೆನೋವಿನ ಮಾತ್ರೆಗಳು ಅಂಗಡಿಯ ತುಂಬ ಇದ್ದರೂ ಅವನಿಗೆ ಅವುಗಳಿಂದ ಪ್ರಯೋಜನವಿಲ್ಲ. ಒಂದು ಔಷಧದ ಬದಲಿಗೆ ಮತ್ತೊಂದನ್ನು ಬಳಸಲು ಸಾಧ್ಯವೇ, ಹೊಸ ತಯಾರಕರು ಪ್ರವೇಶಿಸಲು ಏನೇನು ತಡೆಗಳಿವೆ, ಗ್ರಾಹಕರು ಎಷ್ಟರಮಟ್ಟಿಗೆ ಅವಲಂಬಿಸಿದ್ದಾರೆ ಎಂಬ ಅಂಶಗಳನ್ನೆಲ್ಲ ತೂಗಿ ನೋಡಬೇಕಾಗುತ್ತದೆ.

ಈ ಕಾನೂನನ್ನು ಜಾರಿಗೊಳಿಸುವ ಸಂಸ್ಥೆ ನವದೆಹಲಿಯಲ್ಲಿರುವ ಭಾರತ ಸ್ಪರ್ಧಾ ಆಯೋಗ. ಮೇಲ್ನೋಟಕ್ಕೆ ಆಧಾರವಿದೆಯೆಂದು ಕಂಡುಬಂದರೆ ಆಯೋಗವು ತನ್ನ ಮಹಾನಿರ್ದೇಶಕರಿಗೆ ತನಿಖೆಯನ್ನು ವಹಿಸುತ್ತದೆ. ತಪ್ಪು ರುಜುವಾತಾದರೆ ಅಂಥ ನಡವಳಿಕೆಯನ್ನು ನಿಲ್ಲಿಸಲು ಆದೇಶ ನೀಡಬಹುದು. ಹಿಂದಿನ ಮೂರು ವರ್ಷಗಳ ಸರಾಸರಿ ವಹಿವಾಟಿನ ಶೇ. 10ರವರೆಗೆ ದಂಡ ವಿಧಿಸಬಹುದು. 2023ರ ತಿದ್ದುಪಡಿಯ ಪ್ರಕಾರ ದಂಡದ ಗರಿಷ್ಠ ಮಿತಿಯನ್ನು ಲೆಕ್ಕ ಹಾಕುವಾಗ ಕಂಪನಿಯ ಜಾಗತಿಕ ವಹಿವಾಟನ್ನು ಪರಿಗಣಿಸಲು ಅವಕಾಶವಿದೆ. ಆಯೋಗದ ಆದೇಶದ ಮೇಲೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಾಧಿಕರಣಕ್ಕೂ ತದನಂತರ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬಹುದು.

ಅಂಗಡಿಯ ಹಿಂದಣ ಕಟ್ಟುಪಾಡು

ಔಷಧ ಕ್ಷೇತ್ರದಲ್ಲಿ ಆಯೋಗದ ಮುಂದೆ ಬಂದ ಮೊದಲ ಮೊಕದ್ದಮೆಗಳಲ್ಲಿ ಹೆಚ್ಚಿನವು ದೊಡ್ಡ ತಯಾರಕರ ವಿರುದ್ಧವಾಗಿರಲಿಲ್ಲ. ಔಷಧಿ ವ್ಯಾಪಾರಿಗಳ ಸಂಘಗಳ ವಿರುದ್ಧವಾಗಿದ್ದವು. ಹೊರಗಿನವರಿಗೆ ಇದು ಆಶ್ಚರ್ಯವೆನಿಸಬಹುದು. ನಾಡಿನ ಊರೂರುಗಳಲ್ಲಿ ಲಕ್ಷಾಂತರ ಔಷಧಿ ಅಂಗಡಿಗಳಿವೆ. ಇಷ್ಟು ಮಂದಿ ಮಾರುವವರಿರುವಾಗ ಸ್ಪರ್ಧೆಗೆ ಕೊರತೆ ಎಲ್ಲಿಂದ ಬಂದೀತು? ಉತ್ತರವಿರುವುದು ಅಂಗಡಿಯ ಹಿಂದೆ ನಡೆಯುತ್ತಿದ್ದ ಕಟ್ಟುಪಾಡಿನಲ್ಲಿ.

ಅಂಥ ಕಟ್ಟುಪಾಡುಗಳಲ್ಲಿ ಮೊದಲನೆಯದು ನಿರಾಕ್ಷೇಪಣಾ ಪತ್ರ. ಒಂದು ಔಷಧ ಕಂಪನಿಯು ಒಂದು ಜಿಲ್ಲೆಯಲ್ಲಿ ಹೊಸ ಸ್ಟಾಕಿಸ್ಟನನ್ನು ನೇಮಿಸಬೇಕಾದರೆ, ಅವನ ಬಳಿ ಸರ್ಕಾರದ ಪರವಾನಗಿ ಇದ್ದರೂ ಸಾಲದು. ಅಲ್ಲಿನ ವ್ಯಾಪಾರಿಗಳ ಸಂಘ ತನಗೆ ಆಕ್ಷೇಪವಿಲ್ಲವೆಂದು ಬರೆದುಕೊಡಬೇಕು. ಕಾನೂನಿನಲ್ಲಿ ಇಂಥ ಪತ್ರಕ್ಕೆ ಸ್ಥಾನವೇ ಇಲ್ಲ. ಆದರೂ ಪತ್ರವಿಲ್ಲದೆ ಸರಕು ಪೂರೈಸಿದ ಕಂಪನಿಯ ಔಷಧಗಳನ್ನು ಸಂಘದ ಸದಸ್ಯರೆಲ್ಲರೂ ಬಹಿಷ್ಕರಿಸುವ ಭಯವಿದ್ದುದರಿಂದ ಕಂಪನಿಗಳು ಮಣಿಯುತ್ತಿದ್ದವು. ಈಗಾಗಲೇ ವ್ಯಾಪಾರದಲ್ಲಿರುವವರೇ ಹೊಸಬರ ಪ್ರವೇಶಕ್ಕೆ ಅಪ್ಪಣೆ ನೀಡುವವರಾದರೆ ಸ್ಪರ್ಧೆಗೆ ಎಡೆಯೆಲ್ಲಿ?

ಎರಡನೆಯದು ಹೊಸ ಉತ್ಪನ್ನಗಳ ಮಾಹಿತಿ ಶುಲ್ಕ. ಕಂಪನಿಯೊಂದು ಹೊಸ ಔಷಧವನ್ನು ಮಾರುಕಟ್ಟೆಗೆ ತರುವ ಮೊದಲು ಅದರ ವಿವರವನ್ನು ಸಂಘದ ಪತ್ರಿಕೆಯಲ್ಲಿ ಶುಲ್ಕ ಕೊಟ್ಟು ಪ್ರಕಟಿಸಬೇಕಾಗಿತ್ತು. ಮಾಹಿತಿ ಹರಡುವುದು ಉಪಯುಕ್ತ ಕಾರ್ಯವೇ; ಆದರೆ ಅದು ಪ್ರಕಟವಾಗುವವರೆಗೆ ಅಂಗಡಿಗಳು ಔಷಧವನ್ನು ಇಡಬಾರದೆಂಬ ಕಟ್ಟಳೆಯಾದಾಗ ಅದೇ ತಡೆಗೋಡೆಯಾಗುತ್ತದೆ.

ಮೂರನೆಯದು ಲಾಭಾಂಶದ ನಿಗದಿ. ಬೆಲೆ ನಿಯಂತ್ರಣಕ್ಕೆ ಒಳಪಡದ ಔಷಧಗಳಿಗೆ ಸಗಟು ವ್ಯಾಪಾರಿಗೆ ಶೇ. 10, ಚಿಲ್ಲರೆ ವ್ಯಾಪಾರಿಗೆ ಶೇ. 20 ಎಂದು ದೇಶದಾದ್ಯಂತ ಒಂದೇ ಪ್ರಮಾಣವನ್ನು ಗೊತ್ತು ಮಾಡಲಾಗಿತ್ತು. ಕಡಿಮೆ ಲಾಭಕ್ಕೆ ಮಾರಿ ಹೆಚ್ಚು ಗ್ರಾಹಕರನ್ನು ಗಳಿಸುವೆನೆಂಬ ವ್ಯಾಪಾರಿಗೆ ಇದರಿಂದ ದಾರಿ ಮುಚ್ಚಿದಂತಾಯಿತು.

ಈ ಮೂರು ಪದ್ಧತಿಗಳನ್ನೂ ಪರಿಶೀಲಿಸಿದ ಆಯೋಗವು 2013ರ ಫೆಬ್ರವರಿಯಲ್ಲಿ ಅಖಿಲ ಭಾರತ ಔಷಧಿ ವ್ಯಾಪಾರಿಗಳ ಸಂಘಟನೆಯ ವಿರುದ್ಧ ಆದೇಶ ನೀಡಿ 47,40,613 ರೂಪಾಯಿಗಳ ದಂಡ ವಿಧಿಸಿತು. ಇದಕ್ಕೆ ಮೊದಲೇ, 2012ರಲ್ಲಿ, ಗೋವಾ ಮತ್ತು ಬರೋಡಾದ ಸಂಘಗಳ ವಿರುದ್ಧವೂ ಆದೇಶಗಳು ಹೊರಬಿದ್ದಿದ್ದವು. 2014ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ ಸಂಘದ ಸರದಿ ಬಂದಿತು. ಗ್ರಾಹಕರಿಗೆ ರಿಯಾಯಿತಿ ಕೊಡಕೂಡದು, ಮುದ್ರಿತ ಗರಿಷ್ಠ ಬೆಲೆಗೇ ಮಾರಬೇಕು ಎಂದು ಅಂಗಡಿಯವರಿಗೆ ತಾಕೀತು ಮಾಡಿದ್ದೆಂಬುದು ಅಲ್ಲಿಯ ಆಪಾದನೆ. ಸಂಘಕ್ಕೂ ಅದರ ಪದಾಧಿಕಾರಿಗಳಿಗೂ ಸೇರಿ ಸುಮಾರು 18 ಕೋಟಿ ರೂಪಾಯಿಗಳ ದಂಡವನ್ನು ಆಯೋಗ ವಿಧಿಸಿತು. ಗರಿಷ್ಠ ಚಿಲ್ಲರೆ ಬೆಲೆಯೆಂಬುದು ಮೇಲಿನ ಮಿತಿಯೇ ಹೊರತು ಕೆಳಗಿನ ಮಿತಿಯಲ್ಲ ಎಂಬ ಸರಳ ಸತ್ಯವನ್ನು ಗ್ರಾಹಕರು ಈ ಪ್ರಸಂಗದಿಂದ ಅರಿಯಬೇಕು.

ಬೆಂಗಳೂರಿನಲ್ಲಿ ನಡೆದ ಪ್ರಸಂಗವೊಂದು ಕನ್ನಡಿಗರಿಗೆ ವಿಶೇಷವಾಗಿ ತಿಳಿದಿರಬೇಕಾದುದು. ನಗರದ ಸಗಟು ವ್ಯಾಪಾರ ಸಂಸ್ಥೆಯೊಂದಕ್ಕೆ ಒಂದು ಔಷಧ ತಯಾರಿಕಾ ಕಂಪನಿಯು ಸರಕು ಪೂರೈಸಲು ನಿರಾಕರಿಸಿತು. ರಾಜ್ಯದ ವ್ಯಾಪಾರಿಗಳ ಸಂಘದಿಂದ ನಿರಾಕ್ಷೇಪಣಾ ಪತ್ರ ತಂದಿಲ್ಲವೆಂಬುದೇ ಕಾರಣವೆಂದು ಆ ಸಂಸ್ಥೆ ದೂರಿತು. 2016ರ ಜುಲೈ 28ರಂದು ಆಯೋಗವು ಸಂಘಕ್ಕೆ ಸುಮಾರು 8.6 ಲಕ್ಷ ರೂಪಾಯಿಗಳನ್ನೂ ಕಂಪನಿಗೆ ಸುಮಾರು 73 ಕೋಟಿ ರೂಪಾಯಿಗಳನ್ನೂ ದಂಡವಾಗಿ ವಿಧಿಸಿತು. ಬಲಾತ್ಕಾರಕ್ಕೆ ಮಣಿದವರು ತಾವು ಬಲಿಯಾದವರೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಆದೇಶದ ಧ್ವನಿಯಾಗಿತ್ತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಆಗಿನ ಸ್ಪರ್ಧಾ ಮೇಲ್ಮನವಿ ನ್ಯಾಯಾಧಿಕರಣವು ಕಂಪನಿಯ ಮೇಲಣ ದಂಡವನ್ನು ರದ್ದುಗೊಳಿಸಿತು. ಸಂಘದ ಒತ್ತಡಕ್ಕೆ ಒಳಗಾದವರನ್ನು ಪಾಲುದಾರರೆಂದು ಎಣಿಸಬೇಕೇ, ನೊಂದವರೆಂದು ಎಣಿಸಬೇಕೇ ಎಂಬ ಪ್ರಶ್ನೆ ಸುಲಭವಾದುದಲ್ಲವೆಂಬುದಕ್ಕೆ ಇದು ನಿದರ್ಶನ.

ಸಣ್ಣ ಅಂಗಡಿಕಾರರ ಪರವಾಗಿಯೂ ಒಂದು ಮಾತು ಹೇಳುವುದು ನ್ಯಾಯ. ಬೃಹತ್ ಕಂಪನಿಗಳ ಎದುರಿನಲ್ಲಿ ಒಂಟಿ ವ್ಯಾಪಾರಿ ದುರ್ಬಲ. ಅವಧಿ ಮೀರಿದ ಸರಕನ್ನು ಹಿಂದಕ್ಕೆ ಪಡೆಯುವುದು, ಸಾಲದ ಷರತ್ತುಗಳು, ತೆರಿಗೆಯ ತೊಡಕುಗಳು ಇವೇ ಮೊದಲಾದ ವಿಷಯಗಳಲ್ಲಿ ಸಂಘಟಿತರಾಗಿ ದನಿಯೆತ್ತುವ ಹಕ್ಕು ಅವರಿಗಿದೆ. ಸಂಘ ಕಟ್ಟುವುದನ್ನು ಕಾನೂನು ತಡೆಯುವುದಿಲ್ಲ. ಸಂಘದ ಬಲದಿಂದ ಬೆಲೆಯನ್ನೂ ಪ್ರವೇಶವನ್ನೂ ಬಿಗಿಹಿಡಿಯುವುದನ್ನು ಮಾತ್ರ ತಡೆಯುತ್ತದೆ.

ಆಸ್ಪತ್ರೆಯೊಳಗಣ ಅಂಗಡಿ

ದೆಹಲಿಯಿಂದ ಬಂದ ಇನ್ನೊಂದು ದೂರು ಬೇರೊಂದು ಬಗೆಯ ಪ್ರಾಬಲ್ಯವನ್ನು ಬೆಳಕಿಗೆ ತಂದಿತು. ಆಸ್ಪತ್ರೆಯೊಂದರ ಔಷಧಿ ಅಂಗಡಿಯಲ್ಲಿ ಒಮ್ಮೆ ಬಳಸಿ ಎಸೆಯುವ ಸಿರಿಂಜಿಗೆ 19 ರೂಪಾಯಿ 50 ಪೈಸೆ ತೆತ್ತ ಗ್ರಾಹಕರೊಬ್ಬರಿಗೆ ಅದೇ ಕಂಪನಿಯ ಸಿರಿಂಜು ಹೊರಗಿನ ಅಂಗಡಿಯಲ್ಲಿ ಸುಮಾರು ಅರ್ಧ ಬೆಲೆಗೆ ದೊರೆಯಿತು. 2015ರಲ್ಲಿ ಅವರು ಆಯೋಗದ ಮೊರೆಹೊಕ್ಕರು. ಮೊತ್ತ ಅಲ್ಪ, ಆದರೆ ಪ್ರಶ್ನೆ ದೊಡ್ಡದು.

ಆಸ್ಪತ್ರೆಗೆ ಸೇರುವ ಮೊದಲು ರೋಗಿಗೆ ಹತ್ತು ಆಸ್ಪತ್ರೆಗಳ ನಡುವೆ ಆಯ್ಕೆಯಿರಬಹುದು. ಒಮ್ಮೆ ಹಾಸಿಗೆ ಹಿಡಿದು ಒಳಗೆ ಸೇರಿದ ಮೇಲೆ ಔಷಧ, ಸಿರಿಂಜು, ಕೈಗವಸು, ಪರೀಕ್ಷೆಗಳು ಎಲ್ಲಕ್ಕೂ ಅವನು ಅದೇ ಕಟ್ಟಡಕ್ಕೆ ಕಟ್ಟುಬೀಳುತ್ತಾನೆ. ಹೊರಗಿನಿಂದ ತರುವ ಅವಕಾಶ ಹೆಸರಿಗೆ ಇದ್ದರೂ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ಕಡೆಯವರು ಬೆಲೆ ವಿಚಾರಿಸುತ್ತ ಬೀದಿ ಸುತ್ತಲಾರರು. ಈ ಅಸಹಾಯಕತೆಯೇ ಒಂದು ಮಾರುಕಟ್ಟೆಯಾಗುತ್ತದೆಯೇ ಎಂಬುದನ್ನು ಪರಿಶೀಲಿಸಬೇಕೆಂದು ತೀರ್ಮಾನಿಸಿದ ಆಯೋಗವು 2018ರ ಆಗಸ್ಟ್‌ನಲ್ಲಿ ತನಿಖೆಯನ್ನು ಒಂದೇ ಆಸ್ಪತ್ರೆಗೆ ಸೀಮಿತಗೊಳಿಸದೆ ವಿಸ್ತರಿಸಲು ಆದೇಶಿಸಿತು. ತುರ್ತಾಗಿ ಬೇಕಿಲ್ಲದ ವಸ್ತುಗಳನ್ನು ಹೊರಗಿನಿಂದ ಕೊಳ್ಳುವ ಆಯ್ಕೆ ರೋಗಿಗೆ ಇರಬೇಕಲ್ಲವೇ ಎಂಬ ಚರ್ಚೆಗೆ ಒಂದು ಸಿರಿಂಜು ಕಾರಣವಾಯಿತೆಂಬುದು ಸಣ್ಣ ಸಂಗತಿಯಲ್ಲ.

ಕಂಪನಿಗಳ ವಿಲೀನ

ಎರಡು ದೊಡ್ಡ ಕಂಪನಿಗಳು ಒಂದಾದಾಗ ಯಾರೂ ಒಪ್ಪಂದ ಮಾಡಿಕೊಳ್ಳದೆಯೇ ಸ್ಪರ್ಧೆ ಮಾಯವಾಗಬಹುದು. ಆದುದರಿಂದ ನಿಗದಿತ ಮಿತಿಯನ್ನು ಮೀರಿದ ವಿಲೀನಗಳಿಗೆ ಆಯೋಗದ ಪೂರ್ವಾನುಮತಿ ಅಗತ್ಯ. 2014ರಲ್ಲಿ ಸನ್ ಫಾರ್ಮಾ ಕಂಪನಿಯು ರ್‍ಯಾನ್‌ಬ್ಯಾಕ್ಸಿಯನ್ನು ತನ್ನಲ್ಲಿ ಸೇರಿಸಿಕೊಳ್ಳಲು ಮುಂದಾದಾಗ ಆಯೋಗವು ಒಟ್ಟು ವ್ಯಾಪಾರವನ್ನಷ್ಟೇ ನೋಡಲಿಲ್ಲ. ಒಂದೊಂದು ಔಷಧವನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿತು. ಸಾರ್ವಜನಿಕರ ಅಭಿಪ್ರಾಯವನ್ನೂ ಆಹ್ವಾನಿಸಿತು. ಕೆಲವು ಔಷಧಗಳಲ್ಲಿ ಈ ಎರಡು ಕಂಪನಿಗಳೇ ಮುಖ್ಯ ಪ್ರತಿಸ್ಪರ್ಧಿಗಳಾಗಿದ್ದುದು ಕಂಡುಬಂದಿತು. ಅದರಂತೆ ಏಳು ಉತ್ಪನ್ನಗಳನ್ನು ಬೇರೆಯವರಿಗೆ ಮಾರಿಬಿಡಬೇಕೆಂಬ ಷರತ್ತಿನ ಮೇಲೆ 2014ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಆ ಉತ್ಪನ್ನಗಳು ಪುಣೆಯ ಎಮ್‌ಕ್ಯೂರ್ ಕಂಪನಿಯ ಪಾಲಾದವು. ವಿಲೀನವನ್ನು ತಡೆಯದೆಯೂ ಸ್ಪರ್ಧೆಯನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಇದು ದೇಶದ ಮೊದಲ ಪ್ರಮುಖ ಉದಾಹರಣೆ.

ಪೇಟೆಂಟ್ ಎಂಬ ಕಾನೂನುಬದ್ಧ ಏಕಸ್ವಾಮ್ಯ

ಇದುವರೆಗೆ ಹೇಳಿದುದೆಲ್ಲವೂ ಕಾನೂನು ಒಪ್ಪದ ಬಲದ ಮಾತು. ಆದರೆ ಔಷಧ ಕ್ಷೇತ್ರದಲ್ಲಿ ಕಾನೂನೇ ನೀಡಿರುವ ಏಕಸ್ವಾಮ್ಯವೊಂದಿದೆ. ಅದೇ ಪೇಟೆಂಟ್. ಹೊಸ ಔಷಧವನ್ನು ಕಂಡುಹಿಡಿದವನಿಗೆ 20 ವರ್ಷಗಳ ಕಾಲ ಇತರರು ಅದನ್ನು ತಯಾರಿಸದಂತೆ ತಡೆಯುವ ಹಕ್ಕು ಇದರಿಂದ ದೊರೆಯುತ್ತದೆ. ಸಂಶೋಧನೆಗೆ ತಗಲುವ ಅಪಾರ ವೆಚ್ಚವನ್ನು ಮರಳಿ ಪಡೆಯಲು ಈ ಅವಕಾಶ ಬೇಕೆಂಬುದು ಇದರ ಸಮರ್ಥನೆ.

1970ರ ಪೇಟೆಂಟ್ ಅಧಿನಿಯಮವು ಔಷಧವೆಂಬ ವಸ್ತುವಿಗೆ ಪೇಟೆಂಟ್ ನೀಡದೆ, ತಯಾರಿಸುವ ವಿಧಾನಕ್ಕೆ ಮಾತ್ರ ನೀಡುತ್ತಿತ್ತು. ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸುವ ದಾರಿ ತೆರೆದಿದ್ದುದರಿಂದ ಮುಂಬಯಿ, ಹೈದರಾಬಾದ್, ಅಹಮದಾಬಾದ್ ಮೊದಲಾದ ಕಡೆಗಳಲ್ಲಿ ದೇಶೀಯ ಔಷಧ ಉದ್ಯಮ ಬೇರುಬಿಟ್ಟು ಬೆಳೆಯಿತು. ಅದರ ಫಲ ದೇಶದ ಗಡಿಯನ್ನೂ ದಾಟಿತು. ಏಡ್ಸ್ ರೋಗಿಯೊಬ್ಬನ ವರ್ಷದ ಔಷಧಕ್ಕೆ ಹತ್ತು ಸಾವಿರ ಡಾಲರುಗಳಿಗೂ ಮೀರಿ ಬೆಲೆಯಿದ್ದ ಕಾಲದಲ್ಲಿ, 2001ರಲ್ಲಿ, ಮುಂಬಯಿಯ ಸಿಪ್ಲಾ ಕಂಪನಿಯು ಅದನ್ನು ವರ್ಷಕ್ಕೆ 350 ಡಾಲರಿಗೆ ನೀಡಲು ಮುಂದೆ ಬಂದಿತು. ಸ್ಪರ್ಧೆಯೆಂಬ ಪದದ ನಿಜವಾದ ಅರ್ಥವನ್ನು ಈ ಎರಡು ಅಂಕಿಗಳು ಸಾರಿ ಹೇಳುತ್ತವೆ.

ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದದ ಬದ್ಧತೆಯಂತೆ 2005ರ ಜನವರಿ 1ರಿಂದ ಭಾರತದಲ್ಲಿಯೂ ಔಷಧ ವಸ್ತುವಿಗೇ ಪೇಟೆಂಟ್ ದೊರೆಯಲಾರಂಭಿಸಿತು. ಆದರೆ ಸಂಸತ್ತು ಎರಡು ಕಾವಲುಗಳನ್ನು ಇರಿಸಿತು.

ಮೊದಲನೆಯ ಕಾವಲು ಪೇಟೆಂಟ್ ಅಧಿನಿಯಮದ 3(ಡಿ) ಉಪಬಂಧ. ಹಳೆಯ ಔಷಧದ ರೂಪವನ್ನು ಅಲ್ಪಸ್ವಲ್ಪ ಬದಲಿಸಿ, ಗುಣದಲ್ಲಿ ಹೆಚ್ಚಳವಿಲ್ಲದಿದ್ದರೂ ಹೊಸ ಪೇಟೆಂಟ್ ಪಡೆದು ಏಕಸ್ವಾಮ್ಯವನ್ನು ಬೆಳೆಸುತ್ತ ಹೋಗುವುದನ್ನು ಇದು ತಡೆಯುತ್ತದೆ. ರಕ್ತದ ಕ್ಯಾನ್ಸರಿಗೆ ಬಳಸುವ ಇಮಾಟಿನಿಬ್ ಔಷಧದ ಒಂದು ಹರಳು ರೂಪಕ್ಕೆ ನೋವಾರ್ಟಿಸ್ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಚೆನ್ನೈ ಪೇಟೆಂಟ್ ಕಚೇರಿ 2006ರ ಜನವರಿಯಲ್ಲಿ ತಿರಸ್ಕರಿಸಿತು. ಏಳು ವರ್ಷಗಳ ವ್ಯಾಜ್ಯದ ನಂತರ 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯ ಆ ನಿರಾಕರಣೆಯನ್ನು ಎತ್ತಿಹಿಡಿಯಿತು.

ಎರಡನೆಯ ಕಾವಲು ಕಡ್ಡಾಯ ಪರವಾನಗಿ. ಪೇಟೆಂಟ್ ದೊರೆತು ಮೂರು ವರ್ಷಗಳಾದ ಮೇಲೆ, ಸಾರ್ವಜನಿಕರ ಅಗತ್ಯ ಪೂರೈಕೆಯಾಗದಿದ್ದರೆ, ಬೆಲೆ ಜನರ ಕೈಗೆಟುಕದಿದ್ದರೆ ಅಥವಾ ಆವಿಷ್ಕಾರವು ದೇಶದಲ್ಲಿ ಬಳಕೆಗೆ ಬಾರದಿದ್ದರೆ, ಗೌರವಧನ ಕೊಡುವ ಷರತ್ತಿನ ಮೇಲೆ ಬೇರೊಬ್ಬರಿಗೆ ತಯಾರಿಸಲು ಅನುಮತಿ ನೀಡಬಹುದು. 2012ರ ಮಾರ್ಚ್ 9ರಂದು ಮುಂಬಯಿಯ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಇಂಥ ಮೊದಲ ಪರವಾನಗಿಯನ್ನು ನೀಡಿದರು. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಬಳಸುವ ಸೊರಾಫೆನಿಬ್ ಔಷಧದ ಒಂದು ತಿಂಗಳ ಪೂರೈಕೆಗೆ ಪೇಟೆಂಟ್ ಒಡೆಯರಾದ ಬೇಯರ್ ಕಂಪನಿಯ ಬೆಲೆ 2,80,428 ರೂಪಾಯಿ. ಪರವಾನಗಿಯ ಮೇರೆಗೆ ತಯಾರಾಗುವ 120 ಮಾತ್ರೆಗಳಿಗೆ ನಿಗದಿಯಾದ ಬೆಲೆ 8,880 ರೂಪಾಯಿ. ಶೇ. 6ರಷ್ಟಿದ್ದ ಗೌರವಧನವನ್ನು ಮೇಲ್ಮನವಿಯಲ್ಲಿ ಶೇ. 7ಕ್ಕೆ ಏರಿಸಲಾಯಿತು. 2014ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಪರವಾನಗಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಅರ್ಜಿಯನ್ನು ವಜಾ ಮಾಡಿತು.

ಎರಡು ಕಾನೂನುಗಳ ಗಡಿರೇಖೆ

ಪೇಟೆಂಟ್ ಒಡೆಯನು ತನ್ನ ಹಕ್ಕನ್ನು ಮೀರಿ ನಡೆದುಕೊಂಡರೆ ಅವನನ್ನು ಪ್ರಶ್ನಿಸುವ ಅಧಿಕಾರ ಸ್ಪರ್ಧಾ ಆಯೋಗಕ್ಕಿದೆಯೇ? ಪೇಟೆಂಟ್ ಹಕ್ಕನ್ನು ರಕ್ಷಿಸಿಕೊಳ್ಳಲು ವಿಧಿಸುವ ಯುಕ್ತ ಷರತ್ತುಗಳಿಗೆ ಸ್ಪರ್ಧಾ ಅಧಿನಿಯಮದ 3ನೆಯ ಪ್ರಕರಣದಲ್ಲಿ ವಿನಾಯಿತಿಯಿದೆ. ಪ್ರಾಬಲ್ಯದ ದುರುಪಯೋಗವನ್ನು ಕುರಿತ 4ನೆಯ ಪ್ರಕರಣದಲ್ಲಿ ಅಂಥ ವಿನಾಯಿತಿ ಕಾಣುವುದಿಲ್ಲ.

2017ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳ ದೂರಿನ ಮೇಲೆ, ಸ್ತನ ಕ್ಯಾನ್ಸರಿಗೆ ಬಳಸುವ ಟ್ರಾಸ್ಟುಜುಮಾಬ್ ಔಷಧದ ವಿಷಯದಲ್ಲಿ ರೋಶ್ ಕಂಪನಿಯ ನಡವಳಿಕೆಯನ್ನು ಕುರಿತು ಆಯೋಗವು ತನಿಖೆಗೆ ಆದೇಶಿಸಿತು. ಪ್ರತಿಸ್ಪರ್ಧಿಗಳ ಔಷಧದ ಬಗ್ಗೆ ವೈದ್ಯರಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸಂಶಯ ಬಿತ್ತಲಾಗುತ್ತಿದೆ ಎಂಬುದು ದೂರುದಾರರ ವಾದವಾಗಿತ್ತು. ಇಂಥ ವಾದಗಳು ತನಿಖೆಯ ಒರೆಗಲ್ಲಿನಲ್ಲಿ ಪರೀಕ್ಷೆಗೊಳ್ಳತಕ್ಕವು. ತನಿಖೆಯ ಆದೇಶವೆಂದರೆ ಅಪರಾಧದ ತೀರ್ಮಾನವಲ್ಲ.

ಆದರೆ ಗಡಿರೇಖೆ ಕ್ರಮೇಣ ಬೇರೊಂದು ಕಡೆಗೆ ಸರಿಯಿತು. 2023ರ ಜುಲೈನಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು, ಪೇಟೆಂಟ್ ಒಡೆಯನು ತನ್ನ ಹಕ್ಕನ್ನು ಚಲಾಯಿಸುವ ರೀತಿಯನ್ನು ಕುರಿತ ವಿವಾದಗಳಲ್ಲಿ ಪೇಟೆಂಟ್ ಕಾನೂನೇ ವಿಶೇಷ ಕಾನೂನಾಗಿದ್ದು ಅದೇ ಮೇಲುಗೈ ಪಡೆಯುತ್ತದೆಂದು ತೀರ್ಪು ನೀಡಿತು. ಆ ಪ್ರಕರಣಗಳು ಮೊಬೈಲ್ ದೂರವಾಣಿ ಮತ್ತು ಬಿತ್ತನೆ ಬೀಜದ ತಂತ್ರಜ್ಞಾನಗಳಿಗೆ ಸಂಬಂಧಿಸಿದ್ದರೂ ಅದರ ಪರಿಣಾಮ ಔಷಧ ಕ್ಷೇತ್ರಕ್ಕೂ ತಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಯೋಗದ ಮೇಲ್ಮನವಿಯನ್ನು ವಜಾಗೊಳಿಸಿತು. ಅದರ ಮರುತಿಂಗಳೇ, ರಕ್ತಹೀನತೆಗೆ ನೀಡುವ ಕಬ್ಬಿಣಾಂಶದ ಚುಚ್ಚುಮದ್ದನ್ನು ಕುರಿತ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ಇದೇ ತರ್ಕವನ್ನು ಅನುಸರಿಸಿತು. ಹೀಗಾಗಿ ಪೇಟೆಂಟ್ ಪಡೆದ ಔಷಧದ ಬೆಲೆಯೋ ಪರವಾನಗಿಯ ಷರತ್ತುಗಳೋ ಅನುಚಿತವೆಂದು ತೋರಿದಾಗ ಪರಿಹಾರವನ್ನು ಮುಖ್ಯವಾಗಿ ಪೇಟೆಂಟ್ ಕಾನೂನಿನೊಳಗೇ ಅರಸಬೇಕಾಗಿದೆ. ಕಡ್ಡಾಯ ಪರವಾನಗಿಯ ಉಪಬಂಧಗಳಿಗೆ ಇದರಿಂದ ಹೆಚ್ಚಿನ ಮಹತ್ವ ಬಂದಿದೆ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿರುವುದುಂಟು. ದಕ್ಷಿಣ ಆಫ್ರಿಕದಲ್ಲಿ 2002ರಲ್ಲಿ ಏಡ್ಸ್ ಪೀಡಿತರೂ ಅವರ ಹಿತೈಷಿಗಳೂ ಎರಡು ಬಹುರಾಷ್ಟ್ರೀಯ ಕಂಪನಿಗಳು ಮಿತಿಮೀರಿದ ಬೆಲೆ ವಸೂಲು ಮಾಡುತ್ತಿವೆಯೆಂದು ಅಲ್ಲಿನ ಸ್ಪರ್ಧಾ ಆಯೋಗಕ್ಕೆ ದೂರಿತ್ತರು. 2003ರಲ್ಲಿ ಆಯೋಗ ದೂರಿನಲ್ಲಿ ಹುರುಳಿದೆಯೆಂದು ಕಂಡಿತು. ಅದೇ ವರ್ಷದ ಕೊನೆಗೆ ಕಂಪನಿಗಳು ರಾಜಿಗೆ ಬಂದು ಇತರ ತಯಾರಕರಿಗೆ ಪರವಾನಗಿ ನೀಡಲು ಒಪ್ಪಿದವು.

ಸಾವಿರ ಹೆಸರು, ಒಂದೇ ಮದ್ದು

ಪೇಟೆಂಟಿನ ಅವಧಿ ಮುಗಿದ ಔಷಧವನ್ನು ಯಾರು ಬೇಕಾದರೂ ತಯಾರಿಸಬಹುದು. ಆಗ ಬೆಲೆ ಇಳಿಯಬೇಕು. ಭಾರತದಲ್ಲಿ ಇದು ನಿರೀಕ್ಷಿಸಿದಷ್ಟು ಆಗುವುದಿಲ್ಲವೇಕೆ? 2021ರ ನವೆಂಬರ್‌ನಲ್ಲಿ ಸ್ಪರ್ಧಾ ಆಯೋಗ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 2,871 ಔಷಧ ಸೂತ್ರೀಕರಣಗಳು 47,478 ಬ್ರಾಂಡ್ ಹೆಸರುಗಳಲ್ಲಿ ಮಾರಾಟವಾಗುತ್ತಿದ್ದುದು ಅದರಲ್ಲಿ ಕಂಡುಬಂದಿತು. ಒಂದೇ ಮದ್ದಿಗೆ ಸರಾಸರಿ ಹದಿನಾರು ಹದಿನೇಳು ಹೆಸರುಗಳು. ಇಷ್ಟು ಹೆಸರುಗಳಿದ್ದರೂ ಪೈಪೋಟಿ ನಡೆಯುವುದು ಹೆಚ್ಚಾಗಿ ಬೆಲೆಯ ಮೇಲಲ್ಲ, ಹೆಸರಿನ ಮೇಲೆ. ಅಗ್ಗದ ಔಷಧದ ಗುಣಮಟ್ಟದ ಬಗ್ಗೆ ವೈದ್ಯನಿಗೂ ರೋಗಿಗೂ ನಂಬಿಕೆಯಿಲ್ಲದಿದ್ದರೆ ಪ್ರಸಿದ್ಧ ಹೆಸರಿಗೆ ಹೆಚ್ಚು ಬೆಲೆ ತೆರಲು ಇಬ್ಬರೂ ಸಿದ್ಧರಾಗುತ್ತಾರೆ. ಆದುದರಿಂದ ಎಲ್ಲ ರಾಜ್ಯಗಳಲ್ಲಿಯೂ ಒಂದೇ ಬಗೆಯ ಗುಣಮಟ್ಟದ ಪಾಲನೆಯಾಗಬೇಕು ಎಂಬುದರ ಮೇಲೆ ಅಧ್ಯಯನವು ಒತ್ತು ನೀಡಿತು. ಗುಣದ ಭರವಸೆ ಬೆಲೆಯ ಸ್ಪರ್ಧೆಗೆ ತಳಹದಿ.

ಸ್ಪರ್ಧೆ ತನ್ನಷ್ಟಕ್ಕೆ ಸಾಲದ ಕಡೆ ಸರ್ಕಾರದ ಬೆಲೆ ನಿಯಂತ್ರಣ ನೆರವಿಗೆ ಬರುತ್ತದೆ. 1997ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಅಗತ್ಯ ಔಷಧಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ. 2022ರಲ್ಲಿ ಪರಿಷ್ಕೃತವಾದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ 384 ಔಷಧಗಳಿವೆ. ಪಟ್ಟಿಯಲ್ಲಿಲ್ಲದ ಔಷಧಗಳ ಬೆಲೆಯನ್ನೂ ಕಂಪನಿಗಳು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. 2017ರ ಫೆಬ್ರವರಿಯಲ್ಲಿ ಹೃದಯದ ರಕ್ತನಾಳಕ್ಕೆ ಅಳವಡಿಸುವ ಸ್ಟೆಂಟುಗಳಿಗೂ ಬೆಲೆಯ ಮಿತಿ ಬಂದಿತು. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳು ದೇಶದಾದ್ಯಂತ 15 ಸಾವಿರವನ್ನು ಮೀರಿವೆ. ಅಲ್ಲಿ ಔಷಧಗಳು ಬ್ರಾಂಡ್ ಹೆಸರಿಲ್ಲದೆ, ಅದರ ಮೂಲ ಹೆಸರಿನಲ್ಲಿ, ಕಡಿಮೆ ಬೆಲೆಗೆ ದೊರೆಯುತ್ತವೆ.

ನಾಗರಿಕರು ಏನು ಮಾಡಬಹುದು?

ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಲು ತಾನೇ ನಷ್ಟ ಅನುಭವಿಸಿರಬೇಕೆಂಬ ನಿಯಮವಿಲ್ಲ. ಯಾವ ವ್ಯಕ್ತಿಯಾದರೂ, ಗ್ರಾಹಕರ ಸಂಘವಾದರೂ ನಿಗದಿತ ಶುಲ್ಕದೊಡನೆ ಮಾಹಿತಿ ಸಲ್ಲಿಸಬಹುದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಘಟನೆ ನಡೆದ ಮೂರು ವರ್ಷಗಳೊಳಗೆ ಸಲ್ಲಿಸುವುದು ಅಗತ್ಯ; ತಡವಾದುದಕ್ಕೆ ಸಕಾರಣವಿದ್ದರೆ ಆಯೋಗ ಮನ್ನಿಸಬಹುದು.

ಆದರೆ ಎಲ್ಲ ದೂರುಗಳೂ ಸ್ಪರ್ಧಾ ಆಯೋಗಕ್ಕೆ ಸಲ್ಲತಕ್ಕವಲ್ಲ ಎಂಬುದನ್ನು ತಿಳಿಯಬೇಕು. ಒಂದು ಅಂಗಡಿ ಮುದ್ರಿತ ಬೆಲೆಗಿಂತ ಹೆಚ್ಚು ಪಡೆದರೆ ದೂರನ್ನು ಔಷಧ ಬೆಲೆ ನಿಗದಿ ಪ್ರಾಧಿಕಾರಕ್ಕೋ ರಾಜ್ಯದ ಔಷಧ ನಿಯಂತ್ರಣ ಇಲಾಖೆಗೋ ಸಲ್ಲಿಸಬೇಕು. ಕಳಪೆ ಔಷಧದ ಬಗೆಗೂ ಔಷಧ ನಿಯಂತ್ರಣ ಇಲಾಖೆಯೇ ಕ್ರಮ ಕೈಗೊಳ್ಳುತ್ತದೆ. ತನಗಾದ ನಷ್ಟಕ್ಕೆ ಪರಿಹಾರ ಬೇಕಾದವನು ಗ್ರಾಹಕರ ಆಯೋಗದ ಮೊರೆಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಂಗಡಿಗಳೆಲ್ಲ ಒಂದುಗೂಡಿ ರಿಯಾಯಿತಿ ನಿಲ್ಲಿಸಿದರೆ, ಸಂಘದ ಅಪ್ಪಣೆಯಿಲ್ಲವೆಂದು ಔಷಧದ ಪೂರೈಕೆಯನ್ನೇ ತಡೆದರೆ, ಪ್ರಬಲ ಸಂಸ್ಥೆಯೊಂದು ಇತರರನ್ನು ಹೊರಗಿಟ್ಟು ಗ್ರಾಹಕರನ್ನು ಕಟ್ಟಿಹಾಕಿದರೆ ಆಗ ಸ್ಪರ್ಧಾ ಕಾನೂನಿನ ಬಾಗಿಲು ತಟ್ಟಬೇಕು.

ಇವೆಲ್ಲಕ್ಕೂ ಆಧಾರ ಕಾಗದಪತ್ರ. ಔಷಧ ಕೊಂಡಾಗ ರಸೀದಿ ಪಡೆಯುವುದು, ಪೊಟ್ಟಣದ ಮೇಲಿನ ಬೆಲೆ ಮತ್ತು ತಂಡದ ಸಂಖ್ಯೆಯನ್ನು ನೋಡಿಕೊಳ್ಳುವುದು, ಅದೇ ಮದ್ದು ಬೇರೆ ಹೆಸರಿನಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆಯೇ ಎಂದು ವೈದ್ಯರನ್ನೇ ವಿನಯದಿಂದ ಕೇಳುವುದು ಪ್ರತಿಯೊಬ್ಬರಿಗೂ ಸಾಧ್ಯವಿರುವ ಕೆಲಸಗಳು. ವೈದ್ಯರ ಸಲಹೆಯಿಲ್ಲದೆ ಔಷಧವನ್ನು ತಾವಾಗಿಯೇ ಬದಲಿಸುವುದು ಮಾತ್ರ ಸಲ್ಲದು.

ಹುಟ್ಟೂರನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಕಾಯಿಲೆಯ ಹೊತ್ತಿನಲ್ಲಿ ಪರಿಚಿತ ವೈದ್ಯರೂ ಪರಿಚಿತ ಅಂಗಡಿಯೂ ಇರುವುದಿಲ್ಲ. ಭಾಷೆಯ ತೊಡಕಿನಿಂದ ಬಿಲ್ಲಿನ ವಿವರ ಕೇಳಲೂ ಹಿಂಜರಿಯುವವರುಂಟು. ಅಂಥವರಿಗೆ ಕಾನೂನಿನ ತಿಳಿವಳಿಕೆಯೇ ಒಂದು ಆಸರೆ. ದೆಹಲಿಯ ಗ್ರಾಹಕರೊಬ್ಬರು ಹತ್ತು ರೂಪಾಯಿಗಳ ವ್ಯತ್ಯಾಸವನ್ನು ಕಡೆಗಣಿಸಿ ಮನೆಗೆ ಹೋಗಿದ್ದರೆ ಆಸ್ಪತ್ರೆಯೊಳಗಣ ಅಂಗಡಿಗಳ ಪ್ರಶ್ನೆ ಆಯೋಗದ ಮುಂದೆ ಆಗ ಬರುತ್ತಿರಲಿಲ್ಲ. ಬೆಂಗಳೂರಿನ ಸಗಟು ವ್ಯಾಪಾರಿ ಸುಮ್ಮನಿದ್ದಿದ್ದರೆ ನಿರಾಕ್ಷೇಪಣಾ ಪತ್ರದ ಪದ್ಧತಿ ಅಲ್ಲಿ ಪ್ರಶ್ನೆಗೊಳಗಾಗುತ್ತಿರಲಿಲ್ಲ. ಕಾನೂನು ತಾನಾಗಿ ನಡೆಯುವುದಿಲ್ಲ. ಯಾರಾದರೊಬ್ಬರು ರಸೀದಿಯನ್ನು ಕೈಯಲ್ಲಿ ಹಿಡಿದು ಅದನ್ನು ನಡೆಸಬೇಕಾಗುತ್ತದೆ.